ಹೆಸರು ಹೇಳಿಕೊಂಡು ಹೋದ ಅಂಕಿಗಳು

ಅಕ್ಕ ಗುಂಡಿ ಒತ್ತಿದ್ದೇ ತಡ, ಮೆರಿ-ಗೋ-ರೌಂಡಿನ ಮರದ ಕುದುರೆಗಳು ಹುಚ್ಚೆದ್ದು ಓಡತೊಡಗಿದವು. ಮಕ್ಕಳಿಗಿಂತ ಮೊದಲು ತಾನೇ ಕೂತು ನೋಡುತ್ತೇನೆಂದು ಹತ್ತಿದ್ದ ಅಪ್ಪ, ಬಿಳಿ ಕುದುರೆಯ ಕುತ್ತಿಗೆ ತಬ್ಬಿಕೊಂಡು ಒಮ್ಮೆ ಕಂಡರು, ಮಾಯವಾದರು, ಮತ್ತೆ ಕಂಡರು. ಪಾರ್ಕಿಗೆಲ್ಲ ಕೇಳಬೇಕಿದ್ದ ಹಾಡು ಮಾತ್ರ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿತ್ತು.

"ನಿಲ್ಲಿಸೋ!" ಅಕ್ಕ ಕಿರುಚಿದಳು. ತಮ್ಮ ಮೇನ್ ಸ್ವಿಚ್ಚಿಗೆ ಹಾರಿದ.

ಅಪ್ಪ ಇಳಿದು, ನೆಲ ನಿಂತಿದೆಯೇ ಎಂದು ಕಾಲಲ್ಲೇ ತಡವಿ ನೋಡಿ, ಬೆಂಚಿನ ಮೇಲೆ ಕುಸಿದು ಕೂತರು. ಇಷ್ಟು ವರ್ಷ ಇದನ್ನು ಕಬ್ಬಿಣದ ಹಿಡಿ ತಿರುಗಿಸಿ ಕೈಯಿಂದಲೇ ಓಡಿಸಿದವರು ಅವರು. "ಸಂಜೆಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ನಿಮ್ಮ ಕಂಪ್ಯೂಟರ್ ಮನೆಗೆ, ನನ್ನ ಹಳೇ ಹಿಡಿ ಇಲ್ಲಿಗೆ. ತಿಳೀತಾ?"

ಅಕ್ಕ ಕಂಪ್ಯೂಟರಿನತ್ತ ಓಡಿದಳು. ಅಪ್ಪನ ಭುಜದ ನೋವು ನೋಡಲಾರದೆ ಅವಳೇ ಹಟ ಹಿಡಿದು ಹಿಡಿಯ ಬದಲು ಮೋಟಾರು ಹಾಕಿಸಿದ್ದಳು. ಪರದೆಯ ಮೇಲಿನ ಗುಂಡಿಗಳ ಕೋಡನ್ನು ಅವಳು ಪೈಥಾನ್ ಭಾಷೆಯಲ್ಲಿ ಬರೆದಿದ್ದಳು, ಮೋಟಾರಿನದನ್ನು ತಮ್ಮ ಸಿ ಭಾಷೆಯಲ್ಲಿ. ಅವಳ ಕಡೆಯಿಂದ ಅವನ ಕಡೆಗೆ ಹೋಗಬೇಕಾದದ್ದು ಮೂರೇ ವೇರಿಯಬಲ್ಲು, ಅಂದರೆ ಮೂರು ಅಂಕಿ: ಸದ್ದು, ವೇಗ, ಬೆಳಕು.

"ನಾನು ಸರಿಯಾಗೇ ಕಳಿಸಿದೀನಿ. ಮೊದಲು ಸದ್ದು ಎಂಬತ್ತು, ಆಮೇಲೆ ವೇಗ ಹತ್ತು," ಎಂದಳು ಅಕ್ಕ.

"ಮೊದಲು ವೇಗ ಅಲ್ವಾ? ನಾನು ಎಂಬತ್ತನ್ನೇ ವೇಗ ಅಂದ್ಕೊಂಡೆ. ಯಾರಾದ್ರೂ ಹಾಡಿಂದ ಶುರು ಮಾಡ್ತಾರಾ?"

"ಕೇಳಬಹುದಿತ್ತಲ್ಲ?"

"ನೀನು ಹೇಳಬಹುದಿತ್ತಲ್ಲ?"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ. ನಡುವೆ ಗಿರಗಿರ ಸುತ್ತಿದ್ದು ಪಾಪ, ಅಪ್ಪ. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕಳೆಂದು ತಮ್ಮನ ಬಿಗುಮಾನವೂ ಇಳಿಯಿತು. ಒಂದೇ ಕುರ್ಚಿಯಲ್ಲಿ ಒತ್ತಿಕೊಂಡು ಕೂತು ಇಬ್ಬರೂ ತಿದ್ದಿದರು. ಇನ್ನು ಬರೀ ಅಂಕಿ ಹೋಗುವುದಿಲ್ಲ; ಪ್ರತಿ ಅಂಕಿಯೂ ತನ್ನ ಹೆಸರು ಹೇಳಿಕೊಂಡೇ ಹೋಗುತ್ತದೆ. ಯಾವುದು ಮೊದಲು ಬಂದರೂ ವೇಗ ವೇಗವೇ, ಸದ್ದು ಸದ್ದೇ.

"ಆಯ್ತಪ್ಪಾ, ಕೂತ್ಕೊಳ್ಳಿ. ಈಗ ಏನೂ ಆಗಲ್ಲ," ಎಂದಳು ಅಕ್ಕ.

ಅಪ್ಪ ಎದ್ದು ಬಂದು ಪರದೆಯ ಮುಂದೆ ನಿಂತರು. "ಏನೂ ಆಗಲ್ಲ ಅಂದ್ರೆ ನೀವಿಬ್ರೂ ಹತ್ತಿ. ಗುಂಡಿ ನಾನು ಒತ್ತೀನಿ."

ಅಕ್ಕ ತಮ್ಮನ ಮುಖ ನೋಡಿದಳು, ತಮ್ಮ ಅಕ್ಕನ ಮುಖ ನೋಡಿದ. "ಒಂದ್ನಿಮಿಷ ಅಪ್ಪಾ," ಎಂದು ಇಬ್ಬರೂ ಕೋಡನ್ನು ಇನ್ನೊಮ್ಮೆ ಓದಿದರು. ಆಮೇಲೆ ಒಂದೇ ಕುದುರೆ ಹತ್ತಿ, ಕಣ್ಣು ಮುಚ್ಚಿ ಕೂತರು.

ಹಾಡು ಮೊಳಗಿತು. ಕುದುರೆಗಳು ಮೆಲ್ಲಗೆ, ಮದುಮಗಳ ಹಾಗೆ ಹೆಜ್ಜೆಯಿಟ್ಟವು. ಎರಡು ಸುತ್ತು ಹಾಕಿ ನಿಂತಾಗ ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಇಳಿಯಲು ಕಾಲೆತ್ತಿದಳು.

"ಇಳೀಬೇಡ್ರೋ, ಕೂತಿರಿ!" ಅಪ್ಪ ಅಲ್ಲಿಂದಲೇ ಕೂಗಿದರು. "ಭುಜ ಅಲ್ಲಾಡಿಸದೇನೇ ತಿರುಗ್ತಲ್ರೋ! ಇನ್ನೊಂದ್ಸಲ ಒತ್ತಿ ನೋಡ್ತೀನಿ."