ಬಡಿಸಿದ ಕೈ

ವಶಕ್ಕೋ ಸಾವಿಗೋ ಅನ್ನದಲ್ಲಿ ಮದ್ದು ಬೆರೆಸಿ ಇಕ್ಕುತ್ತಾರೆಂಬ ನಂಬಿಕೆ ಇನ್ನೂ ಅಳಿಯದ ಊರೊಂದರ ಮಾತಿದು. ಗಂಡಹೆಂಡಿರಿಬ್ಬರೂ ಉಂಡೆದ್ದು ಕೈತೊಳೆಯುವಷ್ಟರಲ್ಲಿ ಗಂಡ ಹೊಟ್ಟೆ ಹಿಡಿದು ಕುಸಿದುಬಿದ್ದ. ಆಸ್ಪತ್ರೆಯಲ್ಲಿ ವೈದ್ಯರು ಅವನ ಹೊಟ್ಟೆ ಕೊಯ್ದು ನೋಡುತ್ತಿದ್ದರೆ, ಹೊರಗೆ ಅತ್ತೆ ಸೊಸೆಯ ಮೇಲೆ ಕೆಂಡ ಕಾರುತ್ತಿದ್ದಳು.

"ಮದ್ದಿಕ್ಕಿದ್ಯಲ್ಲೇ ಮಾರಿ! ನನ್ನ ಮಗ ನಿನ್ನ ಸೆರಗು ಹಿಡ್ಕಂಡು ತಿರುಗ್ಲಿ ಅಂತ ಇಕ್ಕಿದ್ಯಲ್ಲೇ!"

ಗಂಡ ಉಳಿಯುವನೋ ಇಲ್ಲವೋ ಎಂಬ ಭಯವನ್ನೂ ಮೀರಿ ಸೊಸೆಗೆ ಸಿಟ್ಟು ನೆತ್ತಿಗೇರಿತು.

"ನಾಲಿಗೆ ಬಿಗಿ ಹಿಡೀರಿ ಅತ್ತೆ. ಬೇಯಿಸಿದ್ದು ನಾನು, ಎರಡು ತಟ್ಟೆಗೂ ಬಡಿಸಿದ್ದು ನೀವು."

"ಹೆತ್ತವಳ ಕೈನೇ ಅನುಮಾನಿಸ್ತೀಯಾ? ಪೊಲೀಸ್ರನ್ನ ಕರೆಸ್ತೀನಿ, ತಾಳು!"

ಅಷ್ಟರಲ್ಲಿ ಡಾಕ್ಟರಮ್ಮ ಹೊರಬಂದರು.

"ವಿಷವೂ ಅಲ್ಲ, ಮದ್ದೂ ಅಲ್ಲ. ಹೊಟ್ಟೆಯೊಳಗಿನ ರಕ್ತನಾಳದ ಗೋಡೆ ತಾನಾಗೇ ಸಡಿಲವಾಗಿ ಒಡೆದಿತ್ತು. ತೀರಾ ಅಪರೂಪದ ಕಾಯಿಲೆ. ರಕ್ತ ನಿಲ್ಲಿಸಿದ್ದೀವಿ, ಬದುಕ್ತಾರೆ."

ಸೊಸೆ ಕಣ್ಣೊರೆಸಿಕೊಂಡು ಅತ್ತೆಯತ್ತ ತಿರುಗಿದಳು.

"ಕೇಳಿಸ್ಕಂಡ್ರಾ? ಅನ್ನಿ ಈಗ, ತಪ್ಪಾಯ್ತು ಅಂತ."

ಅತ್ತೆಗೆ ಅವಳ ಮಾತು ಕೇಳಿಸಲೇ ಇಲ್ಲ. ಎದೆಯ ಮೇಲೆ ಕೈಯಿಟ್ಟು ಬೆಂಚಿನ ಮೇಲೆ ಕುಸಿದು ಕೂತಳು.

"ಸದ್ಯ! ನಿನ್ನ ತಟ್ಟೇನ ಅವನ ಮುಂದೆ ಇಟ್ಬಿಟ್ನೇನೋ ಅಂತ ನನ್ನ ಜೀವವೇ ಹೋಗಿತ್ತು."