ಅಂಗಡಿಯಲ್ಲೇ ಅಗ್ಗದ ಕೋವಿ

ಬೂದು ಸ್ವೆಟರಿನವನಿಗೆ ಕೋವಿ ಮಾರಬಾರದು ಎಂದು ಅಂಗಡಿಯಾಕೆ ತೀರ್ಮಾನಿಸಿದ್ದು, ಅವನು ಏನೊಂದೂ ಕೇಳದೆ ಇದ್ದುದರಿಂದ.

ಮೊದಲ ಸಲ ಕೋವಿ ಕೊಳ್ಳುವವರು ತಲೆ ತಿನ್ನುತ್ತಾರೆ. ಎಷ್ಟು ದೂರ ಹೊಡೆಯುತ್ತದೆ, ಭುಜಕ್ಕೆ ಎಷ್ಟು ಒದೆಯುತ್ತದೆ, ಮದ್ದು ಒದ್ದೆಯಾದರೆ ಏನು ಗತಿ. ಇವನು ಒಳಗೆ ಬಂದವನೇ, "ನನಗಿದು ಮೊದಲನೇದು. ಬಾಯಿಂದ ಮದ್ದು ತುಂಬೋ ಕೋವಿ ಬೇಕು. ಜಾಸ್ತಿ ದುಡ್ಡಿಲ್ಲ, ಹಳೇದು ತೋರಿಸಿ" ಎಂದು ಒಪ್ಪಿಸಿ ತುಟಿ ಹೊಲಿದುಕೊಂಡ.

"ಹೊಸಬರಿಗೆ ಈ ಹೊಸ ಕೋವಿ ಒಳ್ಳೇದು ಸರ್. ಸ್ವಲ್ಪ ಜಾಸ್ತಿ ಅನ್ನಿಸಿದ್ರೂ ತೊಳೆಯೋದು ಸುಲಭ."

"ಹಳೇದು."

ಅವನ ಕೆನ್ನೆ ಒಳಗೆ ಹೋಗಿತ್ತು. ಸ್ವೆಟರು ಇನ್ಯಾರದೋ ಮೈಯಿಂದ ತೆಗೆದು ತೊಡಿಸಿದಂತಿತ್ತು. ಅಂಥ ಮುಖ ಅವಳಿಗೆ ಗುರುತಿತ್ತು, ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡುತ್ತಿದ್ದಳು. ಅಪ್ಪ ತೀರಿಹೋದ ಮೇಲೆ ಅವಳಿಗೆ ಅಳುವೂ ಬಂದಿರಲಿಲ್ಲ, ಹಸಿವೂ ಬಂದಿರಲಿಲ್ಲ. ಬಾಗಿಲು ತೆರೆಯುವುದು, ಬಾಗಿಲು ಹಾಕುವುದು. ಹಳೆಯ ಕೋವಿ ಬಂದರೆ ಅಪ್ಪ ಅರ್ಧ ದಿನ ಅದರ ಜೊತೆ ಕೂತು, ಒಳಹೊರಗೆಲ್ಲ ನೋಡಿ ಆಮೇಲೆ ಗೋಡೆಗೇರಿಸುತ್ತಿದ್ದ. ಈಗ ಅವಳು ಧೂಳು ಒರೆಸಿ ಬೆಲೆ ಚೀಟಿ ಕಟ್ಟುತ್ತಿದ್ದಳು, ಅಷ್ಟೇ.

ಹಳೆಯ ಕೋವಿಗಳ ಗೋಡೆಯ ಮುಂದೆ ಅವನು ನಿಧಾನವಾಗಿ ನಡೆದ. ನಳಿಗೆ ನೋಡಲಿಲ್ಲ, ಗುರಿಕಡ್ಡಿ ನೋಡಲಿಲ್ಲ. ಹಿಡಿಯ ಮರವನ್ನಷ್ಟೇ ನೋಡಿದ. ಮೂಲೆಯಲ್ಲಿದ್ದ ಒಂದರ ಹಿಡಿಯ ಮೇಲೆ ಸುಟ್ಟ ಕಲೆಯಿತ್ತು. ಹೆಬ್ಬೆರಳಿನಿಂದ ಅದನ್ನು ಸವರಿ ಕೋವಿಯನ್ನು ಕೆಳಗಿಳಿಸಿದ.

"ಇದು ಕೊಡಿ."

ಗುಜರಿಯವನು ಮನೆ ಸಾಮಾನಿನ ಜೊತೆ ತಂದು ಹಾಕಿದ್ದ ಕೋವಿ, ಅಂಗಡಿಯಲ್ಲೇ ಅಗ್ಗದ್ದು.

"ಕೇಪು ಎಷ್ಟು ಡಬ್ಬಿ ಹಾಕ್ಲಿ?" ಸುತ್ತಿಗೆಯಂಥ ಕುದುರೆ ಬಿದ್ದಾಗ ಸಿಡಿದು ಮದ್ದಿಗೆ ಬೆಂಕಿ ಮುಟ್ಟಿಸುವ ಕೇಪು ಇಲ್ಲದೆ ಈ ಕೋವಿ ಬರೀ ದೊಣ್ಣೆ.

"ಒಂದೂ ಬೇಡ."

"ಮದ್ದು?"

"ಇದೆ."

ಮೊದಲ ಕೋವಿ ಕೊಳ್ಳುವವನ ಹತ್ತಿರ ಮದ್ದು ಆಗಲೇ ಇದೆ, ಕೇಪಿನ ಡಬ್ಬಿಯೂ ಬೇಡವಂತೆ. ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಇವನಿಗೆ ಇದು ಒಂದೇ ಸಲಕ್ಕೆ ಬೇಕು ಎಂಬುದು ಮಾತ್ರ ತಣ್ಣಗೆ ತಲೆಯಲ್ಲಿ ಬಂದು ಕೂತಿತು.

"ಮನೇಲಿ ಯಾರಿದ್ದಾರೆ ಸರ್?"

"ಅಕ್ಕ."

"ನೀವು ಇಲ್ಲಿಗೆ ಬಂದಿರೋದು ಅವರಿಗೆ ಗೊತ್ತಾ?"

"ಗೊತ್ತಾಗಿದ್ರೆ ಬಿಡ್ತಿರಲಿಲ್ಲ."

ಅವಳು ಕೋವಿಯನ್ನು ಅವನ ಕೈಯಿಂದ ಬಿಡಿಸಿಕೊಂಡು ಮತ್ತೆ ಗೋಡೆಗೆ ಸಿಕ್ಕಿಸಿದಳು. "ಇದು ಮಾರಾಟಕ್ಕಿಲ್ಲ."

ಅವನು ಹೋಗಲಿಲ್ಲ. ಗೋಡೆಗೂ ಬಾಗಿಲಿಗೂ ನಡುವೆ ಕಂಬದಂತೆ ನಿಂತ.

ಅಷ್ಟರಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಗಂಡ ಗುರಿ ಹೊಡೆಯುವವರ ಸಂಘಕ್ಕೆ ಸೇರಿದ್ದ. ವಾರವೆಲ್ಲ ಬಂದು ಬಂದು ಕೋವಿ ಆರಿಸುತ್ತಿದ್ದ, ಜೇಬು ಮಾತ್ರ ಒಪ್ಪುತ್ತಿರಲಿಲ್ಲ.

"ನನ್ನನ್ನ ಒಪ್ಪೋಕೆ ಇವರಿಗೆ ಒಂದು ಸಂಜೆ ಸಾಕಾಗಿತ್ತು ಮೇಡಂ" ಎಂದಳು ಹೆಂಡತಿ. "ಇದು ನೋಡಿ, ಮುಗಿಯೋದೇ ಇಲ್ಲ."

ಅಂಗಡಿಯಾಕೆಗೆ ದಾರಿ ಹೊಳೆಯಿತು. ಆ ಕೋವಿಯೇ ಇಲ್ಲಿಂದ ಹೊರಟುಹೋದರೆ ಇವನೂ ಹೊರಟುಹೋಗುತ್ತಾನೆ. ಮೂಲೆಯ ಕೋವಿ ಇಳಿಸಿ ಗಂಡನ ಕೈಗೆ ಕೊಟ್ಟು, ಚೀಟಿಯಲ್ಲಿದ್ದುದಕ್ಕಿಂತ ಕಡಿಮೆ ಹೇಳಿದಳು. ಅವನ ಮುಖ ಅರಳಿತು.

"ಅದು ಅವರಿಗೆ ಬೇಡ" ಎಂದ ಸ್ವೆಟರಿನವನು. "ನನಗೆ ಕೊಡಿ. ಅವರಿಗಿಂತ ಜಾಸ್ತಿ ಕೊಡ್ತೀನಿ."

"ದುಡ್ಡಿಲ್ಲ ಅಂದ್ರಲ್ಲ."

ಅವನು ಬೆರಳಿನಿಂದ ಉಂಗುರ ಕೀಳತೊಡಗಿದ. ಅವಳು ಅತ್ತ ನೋಡಲಿಲ್ಲ. ಒಂದು ಜೀವ ಉಳಿಸುತ್ತಿದ್ದೇನೆ ಎಂದುಕೊಂಡಳು. ಸಂತೋಷವೇನೂ ಆಗಲಿಲ್ಲ.

ಹಳೆಯ ಕೋವಿ ಮಾರುವಾಗ ಅಂಗಡಿಯಲ್ಲೊಂದು ರೂಢಿಯಿತ್ತು. ನಳಿಗೆಯ ಬಾಯಿಗೆ ಕಾಗದದ ಚೂರು ಹಿಡಿದು ಬರೀ ಕೇಪು ಸಿಡಿಸುವುದು. ಕಾಗದ ಅಲುಗಿದರೆ ಬೆಂಕಿಯ ದಾರಿ ಕಟ್ಟಿಕೊಂಡಿಲ್ಲ ಎಂದರ್ಥ.

"ನಾನು ಹಿಡ್ಕೋತೀನಿ" ಎಂದು ಹೆಂಡತಿ ಬೆಲೆ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು ನಳಿಗೆಯ ಮುಂದೆ ನಿಂತಳು. ಅಂಗಡಿಯಾಕೆ ಕೇಪು ಕೂರಿಸಿ, ಕುದುರೆ ಎತ್ತಿ, ಟ್ರಿಗರ್ ಒತ್ತಿದಳು.

ಸದ್ದಾಗಲಿಲ್ಲ. ಸ್ವೆಟರಿನವನ ಹೆಬ್ಬೆರಳು ಕುದುರೆಯ ಅಡಿಯಲ್ಲಿತ್ತು. ಇನ್ನೊಂದು ಕೈಯಿಂದ ಅವನು ನಳಿಗೆಯನ್ನು ಸೂರಿನ ಕಡೆಗೆ ಎತ್ತಿ ಹಿಡಿದಿದ್ದ. ಉಗುರಿನಿಂದ ರಕ್ತ ಇಳಿಯುತ್ತಿತ್ತು.

ಗಂಡ ಅವನ ಕುತ್ತಿಗೆಪಟ್ಟಿ ಹಿಡಿದ. "ಹುಚ್ಚೇನ್ರೀ ನಿಮಗೆ? ಮೇಡಂ, ಪೊಲೀಸರಿಗೆ ಫೋನ್ ಮಾಡಿ."

"ಮಾಡಿ" ಎಂದ ಅವನು. "ಮೊದಲು ಕೇಪು ತೆಗೆದು ಸರಳು ಇಳಿಸಿ."

ಅವಳು ಕೇಪು ತೆಗೆದಳು. ಮದ್ದು ಜಡಿಯುವ ಉದ್ದನೆಯ ಸರಳನ್ನು ನಳಿಗೆಯ ಬಾಯಿಂದ ಒಳಗೆ ಬಿಟ್ಟಳು. ಖಾಲಿ ಕೋವಿಯಲ್ಲಿ ಅದು ತಳ ಮುಟ್ಟಿ ಠಣ್ಣೆನ್ನಬೇಕು, ತುದಿಯಷ್ಟೇ ಹೊರಗುಳಿಯಬೇಕು. ಮೆತ್ತಗೆ ಏನನ್ನೋ ತಾಕಿ ನಿಂತಿತು. ಗೇಣುದ್ದ ಹೊರಗೇ ಉಳಿಯಿತು. ಎತ್ತಿ ಮತ್ತೆ ಬಿಟ್ಟಳು. ಅಷ್ಟೇ ಉಳಿಯಿತು.

ಗಂಡನ ಕೈ ಸಡಿಲವಾಯಿತು. ಹೆಂಡತಿ ಚೀಟಿ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟಳು. ತುಂಬಾ ದಿನಗಳ ಮೇಲೆ ಅಂಗಡಿಯಾಕೆಗೆ ಭಯವಾಯಿತು, ಕೋವಿಯ ಬಾಯನ್ನು ಗೋಡೆಗೆ ತಿರುಗಿಸಿ ಇಟ್ಟಳು.

"ಒಳಗೆ ಮದ್ದಿದೆ ಅಂತ ನಿಮಗೆ ಹೇಗೆ ಗೊತ್ತು?"

ಅವನು ಸ್ವೆಟರಿನ ತೋಳಿನಿಂದ ಹೆಬ್ಬೆರಳು ಸುತ್ತಿಕೊಂಡ. "ಅಕ್ಕ ಬಂದು ನನ್ನನ್ನ ಆಸ್ಪತ್ರೆಗೆ ಸೇರಿಸಿದಳು. ವಾಪಸ್ ಬರೋಷ್ಟರಲ್ಲಿ ಮನೆ ಸಾಮಾನೆಲ್ಲ ಗುಜರಿಗೆ ಹಾಕಿದ್ದಳು. ಆಗಿಂದ ಅಂಗಡಿ ಅಂಗಡಿ ಅಲೀತಿದ್ದೀನಿ. ಯಾರಾದ್ರೂ ಹೊಸಬರು ಕೊಂಡುಬಿಟ್ರೆ ಅಂತ."

"ಯಾಕೆ, ಇದು..."

"ನಂದೇ ಮೇಡಂ. ಅದರೊಳಗಿರೋ ಗುಂಡೂ ನಾನು ನನಗೇ ಅಂತ ತುಂಬಿಟ್ಟಿದ್ದು."