ಇಲಿಯ ಬಾಣಂತನ

ಹೊಲಿಗೆ ಯಂತ್ರದ ಹಿಂದಿನ ಬಿಲಕ್ಕೆ ಮೊಣಕೈವರೆಗೆ ಕೈ ತೂರಿಸಿ, ಗಂಡ ಮೆತ್ತಗಿನ ಮುದ್ದೆಯೊಂದನ್ನು ಎಳೆದು ಕಸದ ಮೊರಕ್ಕೆ ಹಾಕಿದ. ಅದರ ನಡುವೆ ಇನ್ನೂ ಕಣ್ಣು ಬಿಡದ ಐದು ಮರಿಗಳು ಮಿಸುಕಾಡುತ್ತಿದ್ದವು. "ನೋಡೇ, ಇಲಿ ಬಾಣಂತನಕ್ಕೆ ನೀನೇ ಹಾಸಿಗೆ ಹಾಸಿಕೊಟ್ಟಿದೀಯ," ಎಂದು ನಕ್ಕ.

ಅವಳು ನಗಲಿಲ್ಲ. ಮೂರು ವಾರದಿಂದ ಹೊಲಿಗೆ ಮುಗಿದ ಮೇಲೆ ಉಳಿದ ಚಿಂದಿಯನ್ನೆಲ್ಲ ಅವಳೇ ಬಿಲಕ್ಕೆ ಒತ್ತಿ ಒತ್ತಿ ತುರುಕುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಬಿಲ ಮತ್ತೆ ಬಾಯಿ ತೆರೆದಿರುತ್ತಿತ್ತು. ಈಗ ಒಂದೊಂದು ಚೂರಿನ ಗುರುತೂ ಸಿಕ್ಕಿತು. ಹಸಿರು ಚೂರು ಟೀಚರಮ್ಮನ ಪರದೆಯದು, ಗೆರೆಗೆರೆಯದು ನರ್ಸಮ್ಮನ ಮಗನ ಅಂಗಿಯದು. ಮರಿಗಳ ಕೆಳಗೆ ಎಳೆಎಳೆಯಾಗಿ ಹರಡಿದ್ದ ಕೆಂಪು ರೇಷ್ಮೆಯನ್ನು ಮಾತ್ರ ಅವಳು ತುರುಕಿರಲಿಲ್ಲ.

ನಾಳೆ ಮದುವೆ ಹುಡುಗಿ ಬಂದು ಒಯ್ಯಬೇಕಿದ್ದ ಕೆಂಪು ಗೌನನ್ನು ಗೂಟದಿಂದ ಇಳಿಸಿದಳು. ನೆಲ ಮುಟ್ಟುತ್ತಿದ್ದ ಅಂಚಿನಲ್ಲಿ ಅಂಗೈ ತೂರುವಷ್ಟು ತೂತು. ಹನ್ನೊಂದು ದಿನದ ಕೆಲಸ. ಅದನ್ನು ತೊಡೆಯ ಮೇಲೆ ಹರಡಿಕೊಂಡು ಹಾಗೇ ನೆಲದ ಮೇಲೆ ಕುಳಿತಳು. ಗಂಡನ ನಗು ನಿಂತಿತು.

"ಈ ಭಾನುವಾರ ಸಿಮೆಂಟು ತಂದೇ ತರ್ತೀನಿ ಕಣೇ, ನಿನ್ನಾಣೆ," ಎಂದ. ಹಾಗೆ ಹೇಳಿ ಮೂರು ಭಾನುವಾರ ಕಳೆದಿದ್ದವು. ಬುಟ್ಟಿಯಿಂದ ಒಂದು ಹಿಡಿ ಚಿಂದಿ ತೆಗೆದು ಅವಳ ಮುಂದೆ ಹಿಡಿದ. "ಅಲ್ಲೀತನಕ ಇದನ್ನ ತುರುಕಿಬಿಡು. ನಿನ್ನಷ್ಟು ಗಟ್ಟಿಯಾಗಿ ತುರುಕೋಕೆ ನನಗೆ ಬರಲ್ಲ."

"ತುರುಕಲ್ಲ," ಎಂದಳು.